ಜಾತಕದ ಜೊತೆ ಹೋದ ಫೋಟೋ

ಕಾರವಾರದಲ್ಲಿ ಆಪ್ತಸಲಹೆಗೆ ಬಂದ ಒಬ್ಬ ಹುಡುಗಿಯ ವಿಷಯ ಇದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಸುಮ್ನೆ 'ಸ' ಅನ್ನೋಣ. ಶಿರಸಿ ಕಡೆಯ ಅಡಿಕೆ ತೋಟದ ಮನೆಯವಳು, ಇಲ್ಲಿ ಪಿಜಿಯಲ್ಲಿದ್ದು ಓದುತ್ತಾಳೆ. ರಾತ್ರಿ ಊಟ ಬಿಟ್ಟಿದ್ದಳು, ಮುಟ್ಟು ತಪ್ಪಿತ್ತು, ಮನೆಯಿಂದ ವಿಡಿಯೋ ಕಾಲ್ ಬಂದರೆ ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡುತ್ತಿದ್ದಳು. ರೂಮ್‌ಮೇಟ್ ಹೆದರಿ ಕರೆದುಕೊಂಡು ಬಂದಳು.

ಆಗಿದ್ದು ಇಷ್ಟು. ಊರಿನ ಒಂದು ಸೀರೆ ಅಂಗಡಿಯವರು ತಮ್ಮ ಇನ್‌ಸ್ಟಾಗ್ರಾಮ್ ಪೇಜಿಗೆ ಇಲ್ಲಿನ ಟಾಗೋರ್ ಬೀಚಿನಲ್ಲಿ ಇವಳ ಫೋಟೋ ತೆಗೆಸಿದರು. ಖುಷಿಯಿಂದಲೇ ಹೋಗಿದ್ದಳು, ಒಂದು ಸೀರೆಯೂ ಸಿಕ್ಕಿತು. ಫೋಟೋ ಪೇಜಿಗೆ ಬಂದಾಗ ನೋಡಿದರೆ ಬಣ್ಣ ಬೆಳ್ಳಗಾಗಿದೆ, ಸೊಂಟ ಸಣ್ಣಗಾಗಿದೆ. ಮುಂಗೈ ಮೇಲೆ ಒಂದು ಸುಟ್ಟ ಕಲೆ ಇತ್ತು, ಚಿಕ್ಕವಳಿದ್ದಾಗ ಅಜ್ಜಿ ತೊಡದೇವು ಅನ್ನುವ ಸಿಹಿತಿಂಡಿ ಮಾಡುವಾಗ ಬಿಸಿ ಮಡಿಕೆಗೆ ಕೈ ತಾಗಿಸಿಕೊಂಡಿದ್ದು, ಅದೂ ಮಾಯ. ಯಾರೂ ಇವಳನ್ನು ಒಂದು ಮಾತು ಕೇಳಿರಲಿಲ್ಲ.

ಆದರೆ ಅವಳು ಕೂತು ಅತ್ತಿದ್ದು ಅಂಗಡಿಯವರ ವಿಷಯಕ್ಕಲ್ಲ. ಮನೆಯಲ್ಲಿ ಆಯಿ, ಅಂದರೆ ಅಮ್ಮ, ಆ ಫೋಟೋ ನೋಡಿ ಗಂಡಿನ ಕಡೆಯವರಿಗೆ ಜಾತಕದ ಜೊತೆ ಅದನ್ನೇ ಕಳಿಸಿದ್ದರು. "ನನ್ನ ಆಯಿಗೂ ಇದೇ ಚೆಂದ ಕಂಡಿದ್ದು ಮೇಡಂ. ಹುಡುಗ ನೋಡಲಿಕ್ಕೆ ಬಂದರೆ ಯಾರನ್ನು ತೋರಿಸ್ತಾರೆ?" ಅಂದಳು. ಅದಕ್ಕೇ ಫೋಟೋದಲ್ಲಿರುವವಳ ಹಾಗೆ ಆಗಬೇಕು ಅಂತ ಊಟ ಬಿಟ್ಟಿದ್ದು. ಕನ್ನಡಿ ಸಾಲದೆ ದಿನಾ ಸೆಲ್ಫಿ ತೆಗೆದು ಮೂಗು ದಪ್ಪ, ಮೂಗು ದಪ್ಪ ಅಂತ ಕೊರಗು ಬೇರೆ.

ಮೊದಲು ಲೇಡಿ ಡಾಕ್ಟರ ಹತ್ತಿರ ಕಳಿಸಿದೆ. ಊಟ ಬಿಟ್ಟು ಮುಟ್ಟು ತಪ್ಪಿದೆ ಅಂದರೆ ಅದು ಬರೀ ಮಾತಿನಲ್ಲಿ ಸರಿಯಾಗುವ ವಿಷಯವಲ್ಲ. ದಿನಕ್ಕೆ ಮೂರು ಹೊತ್ತು ಊಟ, ರಾತ್ರಿ ರೂಮ್‌ಮೇಟ್ ಜೊತೆಯಲ್ಲೇ ಕೂತು. ಅಪರಾತ್ರಿ ತೀರಾ ಕಷ್ಟ ಅನಿಸಿದರೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಸೆಲ್ಫಿ ವಿಷಯಕ್ಕೆ ಒಂದು ಲೆಕ್ಕ ಹೇಳಿದೆ. 2018ರಲ್ಲಿ ಅಮೆರಿಕದ ವೈದ್ಯರು ಹಾಕಿದ್ದು: 12 ಇಂಚು ದೂರದಿಂದ ತೆಗೆದರೆ 5 ಅಡಿಯಿಂದ ತೆಗೆದದ್ದಕ್ಕಿಂತ ಮೂಗು ಸುಮಾರು ಶೇಕಡಾ 30ರಷ್ಟು ಅಗಲ ಕಾಣುತ್ತದೆ. ಕ್ಯಾಮೆರಾಕ್ಕೆ ಹತ್ತಿರ ಇದ್ದದ್ದು ದೊಡ್ಡದಾಗಿ ಬೀಳುತ್ತದೆ, ಅಷ್ಟೇ. ಎರಡೂ ದೂರದಿಂದ ತೆಗೆದು ನೋಡು ಅಂದೆ. ಅಲ್ಲೇ ತೆಗೆದಳು, ಇಷ್ಟು ವ್ಯತ್ಯಾಸವಾ ಅಂದಳು.

ಆಮೇಲೆ ಅಂಗಡಿಯವರ ಹತ್ತಿರ ತಿದ್ದದೇ ಇರುವ ಫೋಟೋ ಕೇಳಿ ತಾ ಅಂದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಹಿಂದೆ ಗಾಳಿಮರಗಳ ಸಾಲಿತ್ತು. ತಿದ್ದಿದ ಫೋಟೋದಲ್ಲಿ ಒಂದು ಮರದ ಬೊಡ್ಡೆ, ಸರಿಯಾಗಿ ಇವಳ ಸೊಂಟದ ಪಕ್ಕದಲ್ಲಿ ಮಾತ್ರ, ಒಳಗೆ ಡೊಂಕಾಗಿತ್ತು. ಸೊಂಟ ಒತ್ತುವಾಗ ಮರವೂ ಜೊತೆಗೆ ಒತ್ತಿಹೋಗಿದೆ! ಮೈಬಣ್ಣ ತಿಳಿ ಮಾಡುವಾಗ ಸಾಸಿವೆ ಬಣ್ಣದ ಸೀರೆ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಕೊಂಡವರಿಗೂ ಮೋಸವೇ ಅಲ್ವಾ.

"ತಿದ್ದಿದ ಫೋಟೋ ಅಂತ ಕೆಳಗೆ ಬರೆಸಿದರೆ ಸಾಕಾ ಮೇಡಂ?" ಅಂತ ಕೇಳಿದಳು. ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್‌ನಿಂದ ಜಾಹೀರಾತಿನ ಮಾಡೆಲ್‌ಗಳ ಮೈಕಟ್ಟು ತಿದ್ದಿದ್ದರೆ ಹಾಗೆ ಬರೆಯಲೇಬೇಕು, ತಪ್ಪಿದರೆ 37,500 ಯೂರೋ ದಂಡ. ಆದರೆ ಅದು ಮೈಕಟ್ಟಿಗೆ ಮಾತ್ರ, ಕಲೆ ಅಳಿಸಿದರೆ ಲೆಕ್ಕಕ್ಕಿಲ್ಲ. ನಾರ್ವೆಯಲ್ಲಿ 2022ರ ಜುಲೈನಿಂದ ಚರ್ಮ ತಿದ್ದಿದರೂ ಹೇಳಬೇಕು. ನಮ್ಮಲ್ಲಿ ಫೋಟೋಕ್ಕೆ ಅಂತಲೇ ಅಂಥ ಕಾನೂನಿಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ಮಾತಿದೆ, ಅಷ್ಟೇ. ಇನ್ನು ತಿದ್ದಿದ್ದು ಅಂತ ಚೀಟಿ ಅಂಟಿಸಿದರೂ ನೋಡುವವರು ಹೋಲಿಸಿಕೊಳ್ಳುವುದು ಅಷ್ಟೇನೂ ಕಡಿಮೆಯಾಗುವುದಿಲ್ಲ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ನನಗೂ ಹಾಗೇ ಅನಿಸುತ್ತದೆ. ಫೋಟೋ ಹೊರಗೆ ಹೋಗುವ ಮೊದಲು ಅದರಲ್ಲಿರುವವಳಿಗೆ ತೋರಿಸಿ ಕೇಳಬೇಕು. ಪ್ರಾಮಾಣಿಕತೆ ಅಲ್ಲಿಂದ ಶುರುವಾಗದಿದ್ದರೆ ಚೀಟಿ ಬರೀ ಶಾಸ್ತ್ರಕ್ಕೆ.

ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಅಂಗಡಿಗೆ ಕಳಿಸು ಅಂದೆ. ಬೆಳಕು ಸರಿ ಮಾಡಿ, ಸೀರೆ ಮೇಲಿನ ಮರಳಿನ ಕಲೆ ತೆಗೆಯಿರಿ, ಅಡ್ಡಿಯಿಲ್ಲ. ಮೈಕಟ್ಟು, ಮೈಬಣ್ಣ, ಕೈಯ ಕಲೆ ಮುಟ್ಟಬೇಡಿ. ಹಾಕುವ ಮೊದಲು ನನಗೆ ತೋರಿಸಿ. ಕಳಿಸಿದಳು. ಹಳೆಯ ಫೋಟೋ ಪೇಜಿನಿಂದ ತೆಗೆದರು, ಮತ್ತೆ ಕರೆಯಲಿಲ್ಲ. ಅದು ಅವಳಿಗೆ ಬೇಜಾರೇ.

ಆಯಿ ಜೊತೆ ಮಾತು ಸುಲಭವಿರಲಿಲ್ಲ. "ಎಲ್ಲರೂ ಹಾಂಗೇ ಕಳಿಸ್ತಾರೆ ಮೇಡಂ, ನಾವೊಬ್ಬರೇ ಅಲ್ಲ" ಅಂದರು. ಅದು ಸುಳ್ಳೂ ಅಲ್ಲ. ಆ ಹುಡುಗನ ಫೋಟೋ ತಿದ್ದಿದ್ದು ಅಂತ ಆಮೇಲೆ ಗೊತ್ತಾದರೆ ನಿಮಗೆ ಏನನಿಸುತ್ತದೆ ಅಂತ ಕೇಳಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇರೆ ಫೋಟೋ ಕಳಿಸಿ, ಮಗಳೇ ಆರಿಸಲಿ ಅಂದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾರೆ. 'ಸ' ಈಗ ರಾತ್ರಿ ಉಣ್ಣುತ್ತಾಳೆ, ಡಾಕ್ಟರ ಹತ್ತಿರ ಇನ್ನೂ ಹೋಗುತ್ತಿದ್ದಾಳೆ. ಬೇರೆ ಫೋಟೋ ಆರಿಸಿಟ್ಟಿದ್ದಾಳೆ, ಮನೆಯಿಂದ ಉತ್ತರ ಇನ್ನೂ ಬಂದಿಲ್ಲ.