ಐಂಡ್‌ಹೋವನ್ನಿನ ಶಿಳ್ಳೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೆದರ್ಲೆಂಡ್ಸಿನ ಈ ಐಂಡ್‌ಹೋವನ್ನಿಗೆ ಬಂದು ಐದು ತಿಂಗಳಾಯಿತು, ಕೆಲಸ ಚೆನ್ನಾಗಿದೆ, ಸಂಬಳವೂ ಸರಿಯಿದೆ, ಆದರೆ ಸಂಜೆ ಬಾಗಿಲು ಹಾಕಿಕೊಂಡರೆ ಮರುದಿನ ಬೆಳಿಗ್ಗೆಯವರೆಗೆ ಮಾತಿಗೆ ಒಬ್ಬರೂ ಇಲ್ಲ ಎಂದು ಬರೆದಿದ್ದೀರಿ. ‘ಅಣ್ಣಾ, ಲಂಡನ್ನಿಗೆ ಹೋಗಲೇ, ಬೆಂಗಳೂರಿಗೇ ಮರಳಲೇ?’ ಎಂದು ಕೇಳಿದ್ದೀರಿ. ಆಸ್ಟಿನ್ ಟೌನಿನಲ್ಲಿ ಚೆಂಡು ಒದೆಯುತ್ತ ಬೆಳೆದವನು ಎಂದೂ ಹೇಳಿದ್ದೀರಿ. ಅದನ್ನು ಓದಿದ ಮೇಲೆ ದಕ್ಷಿಣ ಕೊರಿಯಾದ ಫುಟ್‌ಬಾಲ್ ಆಟಗಾರ ಪಾರ್ಕ್ ಜಿ ಸಂಗ್ ಬಗ್ಗೆ ಬರೆಯದೆ ಇರಲಾಗಲಿಲ್ಲ. ಹದಿನೈದು ವರ್ಷಗಳ ಹಿಂದೆ ನಿಮ್ಮ ಸ್ಥಿತಿಯಲ್ಲೇ ಇದ್ದ ನನಗೆ ಯಾವ ಬುದ್ಧಿಮಾತೂ ಹಿಡಿಸುತ್ತಿರಲಿಲ್ಲ. ಆತನ ಕಥೆ ಮಾತ್ರ ಹಿಡಿಸಿತು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಪಾರ್ಕ್ ನಿಮಗೆ ಗೊತ್ತೇ ಇರುತ್ತಾನೆ. ನಾನು ಹೇಳುತ್ತಿರುವುದು ಅದಕ್ಕಿಂತ ಹಿಂದಿನ ಮಾತು. ಕೊರಿಯಾದ ಈ ಸಣ್ಣ ಮೈಕಟ್ಟಿನ ಹುಡುಗ 2000ದಲ್ಲಿ ಮೊದಲು ಹೋದದ್ದು ಜಪಾನಿನ ಕ್ಯೋಟೋ ತಂಡಕ್ಕೆ. ಆ ವರ್ಷವೇ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಅವನು ಬಿಟ್ಟು ಹೋಗಲಿಲ್ಲ. ಮರುವರ್ಷ ತಂಡದೊಂದಿಗೇ ಮೇಲೆ ಬಂದ. 2003ರ ಜನವರಿ 1ರಂದು ಜಪಾನಿನ ಎಂಪರರ್ಸ್ ಕಪ್ ಫೈನಲಿನಲ್ಲಿ ಗೋಲು ಹೊಡೆದು, ಕಪ್ ಗೆಲ್ಲಿಸಿಕೊಟ್ಟು, ಆಮೇಲೆ ನಮ್ಮ ಈ ಊರಿಗೆ ಬಂದ. ಕೊರಿಯಾ ತಂಡವನ್ನು 2002ರ ವಿಶ್ವಕಪ್ ಸೆಮಿಫೈನಲಿಗೆ ಮುಟ್ಟಿಸಿದ್ದ ಕೋಚ್ ಗೂಸ್ ಹಿಡಿಂಕ್ ಅವನನ್ನು ಈ ಊರಿನ ತಂಡವಾದ ಪಿಎಸ್‌ವಿಗೆ ಕರೆಸಿಕೊಂಡಿದ್ದರು.

ಬಂದ ಕೆಲವೇ ವಾರಗಳಲ್ಲಿ ಮಂಡಿಗೆ ಶಸ್ತ್ರಚಿಕಿತ್ಸೆ. ಚೇತರಿಸಿಕೊಂಡು ಆಡಲು ಇಳಿದರೆ ಕಾಲು ಮಾತು ಕೇಳುತ್ತಿಲ್ಲ, ಪಾಸ್ ತಪ್ಪುತ್ತಿದೆ. ಜೊತೆಗೇ ಬಂದಿದ್ದ ಕೊರಿಯಾದ ಇನ್ನೊಬ್ಬ ಆಟಗಾರ ಲೀ ಯಂಗ್ ಪ್ಯೋ ಆಗಲೇ ತಂಡದಲ್ಲಿ ನೆಲೆಯೂರಿದ್ದ. ಪಾರ್ಕ್ ಚೆಂಡು ಮುಟ್ಟಿದರೆ ಸಾಕು, ಸ್ವಂತ ಮೈದಾನದ ಪ್ರೇಕ್ಷಕರೇ ಶಿಳ್ಳೆ ಹೊಡೆಯುತ್ತಿದ್ದರು. ನಮ್ಮಲ್ಲಿ ಶಿಳ್ಳೆ ಎಂದರೆ ಮೆಚ್ಚುಗೆ. ಇಲ್ಲಿನ ಕ್ರೀಡಾಂಗಣದಲ್ಲಿ ಅದು ‘ಹೊರಗೆ ಹೋಗು’ ಎಂಬ ಬೈಗುಳ. ಹಿಡಿಂಕ್ ಏನು ಮಾಡಿದರು ಗೊತ್ತೇ? ಕೆಲವು ಕಾಲ ಊರಿನ ಪಂದ್ಯಗಳಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿ, ಹೊರಗಿನ ಊರುಗಳಲ್ಲಿ ಮಾತ್ರ ಆಡಿಸಿದರು. ಶಿಳ್ಳೆ ಕೇಳದ ಕಡೆ ಅವನ ಕಾಲಿಗೆ ಆಟ ಮರಳಿತು.

ನಿಮ್ಮ ಪತ್ರಕ್ಕೆ ನನ್ನಲ್ಲಿರುವ ಉತ್ತರವೆಲ್ಲ ಬಹುಮಟ್ಟಿಗೆ ಇದೇ. ಊಟದ ಹೊತ್ತಿನಲ್ಲಿ ಬ್ರೆಡ್ಡು ಚೀಸು ಹಿಡಿದು ಡಚ್ ಭಾಷೆಯಲ್ಲಿ ನಗುತ್ತಿರುವ ಎಂಟು ಸಹೋದ್ಯೋಗಿಗಳ ಮೇಜು ನಿಮಗೀಗ ಅತಿ ಕಷ್ಟದ ಮೈದಾನ. ಅಲ್ಲಿಂದಲೇ ಶುರುಮಾಡಬೇಕೆಂದು ಯಾರೂ ಹೇಳಿಲ್ಲ. ಭಾಷೆ ಅರೆಬರೆ ಇದ್ದರೂ ನಡೆಯುವ ಜಾಗಗಳನ್ನು ಹುಡುಕಿ. ನನಗೆ ಅಂಥದ್ದು ಸಿಕ್ಕಿದ್ದು ಬಡಾವಣೆಯ ಫುಟ್‌ಬಾಲ್ ಕ್ಲಬ್ಬಿನಲ್ಲಿ. ಇಲ್ಲಿ ಅಂಥ ಕ್ಲಬ್ಬಿಗೆ ಸೇರಿದರೆ ಆಡಿದರಷ್ಟೇ ಸಾಲದು. ಸರದಿ ಬಂದಾಗ ಕ್ಯಾಂಟೀನಿನಲ್ಲಿ ಕಾಫಿ ಹಾಕಿಕೊಡಬೇಕು, ಮಕ್ಕಳ ಪಂದ್ಯಕ್ಕೆ ಗೆರೆಯ ಬಳಿ ಬಾವುಟ ಹಿಡಿದು ನಿಲ್ಲಬೇಕು. ನನ್ನ ಡಚ್ ತರಗತಿಯಲ್ಲಿ ಬಂದದ್ದಕ್ಕಿಂತ ಆ ಕಾಫಿ ಯಂತ್ರದ ಮುಂದೆ ಬಂದದ್ದೇ ಹೆಚ್ಚು.

2004ರಲ್ಲಿ ಮುಂಪಡೆಯ ಆಟಗಾರರಾದ ರಾಬೆನ್, ಕೆಜ್ಮನ್, ರೊಮ್ಮೆಡಾಲ್ ಪಿಎಸ್‌ವಿ ಬಿಟ್ಟು ಇಂಗ್ಲೆಂಡಿಗೆ ಹೋದರು. ಜಾಗ ತೆರವಾಯಿತು. ಪಾರ್ಕ್ ಅಷ್ಟು ಹೊತ್ತಿಗೆ ಸಿದ್ಧನಾಗಿದ್ದ. 2005ರ ಮೇ 4ರಂದು ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲಿನ ಎರಡನೆಯ ಪಂದ್ಯ, ಎದುರಿಗೆ ಇಟಲಿಯ ಎಸಿ ಮಿಲಾನ್. ಒಂಬತ್ತನೆಯ ನಿಮಿಷದಲ್ಲೇ ಪಾರ್ಕ್‌ನ ಗೋಲು. ಪಿಎಸ್‌ವಿ ಆ ರಾತ್ರಿ 3-1ರಿಂದ ಗೆದ್ದರೂ, ಎರಡೂ ಪಂದ್ಯಗಳ ಒಟ್ಟು ಗೋಲು ಸಮವಾಗಿದ್ದರಿಂದ ಎದುರಾಳಿಯ ಮೈದಾನದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಫೈನಲ್ ಕೈತಪ್ಪಿತು. ಎರಡು ವರ್ಷದ ಹಿಂದೆ ಶಿಳ್ಳೆ ಹೊಡೆದಿದ್ದ ಊರು ಅಷ್ಟರಲ್ಲಿ ಅವನ ಹೆಸರನ್ನೇ ಹಾಡು ಮಾಡಿಕೊಂಡಿತ್ತು.

ಆಮೇಲೆ ಮ್ಯಾಂಚೆಸ್ಟರಿನಲ್ಲಿ ಏಳು ವರ್ಷ, ನಾಲ್ಕು ಲೀಗ್ ಪ್ರಶಸ್ತಿ. 2008ರ ಚಾಂಪಿಯನ್ಸ್ ಲೀಗ್ ಫೈನಲಿಗೆ ಅವನನ್ನು ಬೆಂಚಿಗೂ ಸೇರಿಸಿಕೊಳ್ಳಲಿಲ್ಲ. ಮರುವರ್ಷ ರೋಮಿನ ಫೈನಲಿನಲ್ಲಿ ಆಡಿದ. ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ ಮೊದಲ ಏಷ್ಯನ್ ಅವನೇ. 2010ರಲ್ಲಿ ಮಿಲಾನ್ ವಿರುದ್ಧ ಅವರ ಆಟ ಕಟ್ಟುತ್ತಿದ್ದ ಪಿರ್ಲೋನ ಬೆನ್ನು ಬಿಡದೆ ಓಡಿ ಅವನ ಆಟವನ್ನೇ ಕಟ್ಟಿಹಾಕಿದ್ದನ್ನು ನೀವು ಎಲ್ಲಾದರೂ ಹುಡುಕಿ ನೋಡಲೇಬೇಕು.

ಮ್ಯಾಂಚೆಸ್ಟರಿನ ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಅಲ್ಲಿನ ಅಭಿಮಾನಿಗಳು ಅವನ ಮೇಲೊಂದು ಹಾಡು ಕಟ್ಟಿದ್ದರು. ಪ್ರೀತಿಯಿಂದಲೇ ಕಟ್ಟಿದ್ದು, ಆದರೆ ಕೊರಿಯಾದವರು ನಾಯಿ ತಿನ್ನುತ್ತಾರೆ ಎಂಬ ಮೂದಲಿಕೆ ಅದರಲ್ಲಿತ್ತು. ಹೊಸಬನಾಗಿದ್ದ ಅವನು ಅದನ್ನು ನುಂಗಿಕೊಂಡ. ನಿವೃತ್ತನಾಗಿ ಏಳು ವರ್ಷದ ಮೇಲೆ, 2021ರಲ್ಲಿ, ಅದನ್ನು ಹಾಡಬೇಡಿ ಎಂದು ಬಹಿರಂಗವಾಗಿ ಕೇಳಿಕೊಂಡ. ಹೊಸದಾಗಿ ಇಂಗ್ಲೆಂಡಿಗೆ ಬಂದಿದ್ದ ಕೊರಿಯಾದ ಕಿರಿಯ ಆಟಗಾರನ ಕಿವಿಗೂ ಅದೇ ಹಾಡು ಬಿದ್ದಿತ್ತು. ನನ್ನ ಮೊದಲ ಕೆಲಸದಲ್ಲಿ ಒಬ್ಬರು ನನ್ನ ಬುತ್ತಿಯ ಸಾರಿನ ವಾಸನೆಯ ಬಗ್ಗೆ ದಿನವೂ ತಮಾಷೆ ಮಾಡುತ್ತಿದ್ದರು. ನಾನೂ ಅವರೊಂದಿಗೆ ನಕ್ಕೆ. ಆರು ತಿಂಗಳು ಬುತ್ತಿ ಒಯ್ಯುವುದನ್ನೇ ಬಿಟ್ಟೆ. ನನ್ನ ನಂತರ ಸೇರಿದ ಹುಬ್ಬಳ್ಳಿಯ ಹುಡುಗಿಗೂ ಅದೇ ತಮಾಷೆ ಎದುರಾದಾಗ ನನಗೆ ನಾಚಿಕೆಯಾಯಿತು. ಊರಿಗೆ ಹೊಂದಿಕೊಳ್ಳಿ, ಭಾಷೆ ಕಲಿಯಿರಿ, ಮಳೆಯಲ್ಲಿ ಸೈಕಲ್ ತುಳಿಯಿರಿ. ಇಂಥದ್ದನ್ನು ಮಾತ್ರ ಮೊದಲ ದಿನವೇ ಬೇಡ ಎಂದು ಹೇಳಿಬಿಡಿ. ಇಲ್ಲಿಯ ಜನ ನೇರ ಮಾತಿಗೆ ಮುನಿಯುವುದಿಲ್ಲ; ನಾನು ಕಂಡಂತೆ ಅದನ್ನು ಗೌರವಿಸುತ್ತಾರೆ.

ಲಂಡನ್ನಿನ ಪ್ರಶ್ನೆಗೆ ಬರುತ್ತೇನೆ. ಪಾರ್ಕ್ ಕೂಡ 2012ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡಕ್ಕೆ ನಾಯಕನಾಗಿಯೇ ಹೋದ. ಆ ತಂಡ ಲೀಗಿನ ಕಟ್ಟಕಡೆಯ ಸ್ಥಾನಕ್ಕಿಳಿದು ಹೊರಬಿತ್ತು. ಲಂಡನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಒಳ್ಳೆಯ ಕೆಲಸ ಸಿಕ್ಕರೆ ಹೋಗಿ. ಒಂಟಿತನಕ್ಕೆ ಹೆದರಿ ಹೋಗಬೇಡಿ. ಅದು ನಿಮ್ಮ ಪೆಟ್ಟಿಗೆಯಲ್ಲೇ ಕುಳಿತು ಜೊತೆಗೆ ಬರುತ್ತದೆ. ಇಲ್ಲಿ ಒಂದು ಬೇಸಿಗೆಯನ್ನಾದರೂ ಕಾಣಿರಿ. ಜೂನ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಬಾಗಿಲು ಮುಚ್ಚಿಕೊಳ್ಳುವ ಇದೇ ನೆರೆಯವರು ಕುರ್ಚಿ ಹಾಕಿಕೊಂಡು ಹೊರಗೆ ಕೂರುತ್ತಾರೆ.

ಲಂಡನ್ನಿನಿಂದ ಅವನು ಮರಳಿದ್ದು ಎಲ್ಲಿಗೆ? ಐಂಡ್‌ಹೋವನ್ನಿಗೇ. 2013ರ ಸೆಪ್ಟೆಂಬರ್ 22ರಂದು ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ತಂಡದ ವಿರುದ್ಧದ ಪಂದ್ಯಕ್ಕೆ ನಾನೂ ಹೋಗಿದ್ದೆ. ಪಿಎಸ್‌ವಿ 4-0, ನಾಲ್ಕನೆಯದು ಪಾರ್ಕ್‌ದು. ಅವನಿಗಾಗ ಮೂವತ್ತೆರಡು, ಮಂಡಿ ಸವೆದಿತ್ತು, ಮುಂದಿನ ಮೇ ತಿಂಗಳಲ್ಲಿ ಆಟ ನಿಲ್ಲಿಸಿದ. ಆ ದಿನ ಮಾತ್ರ ಇಡೀ ಕ್ರೀಡಾಂಗಣ ಅವನ ಹೆಸರು ಹಾಡುತ್ತಿತ್ತು. ಪಕ್ಕದಲ್ಲಿದ್ದ, ನನಗೆ ಪರಿಚಯವೇ ಇಲ್ಲದ ಡಚ್ ಮುದುಕರೊಬ್ಬರು ನನ್ನ ಭುಜ ಹಿಡಿದು ಕುಣಿದರು. ನಾನೂ ಕುಣಿದೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕ್ಲಬ್ಬಿನಲ್ಲಿ ಮೂವತ್ತು ದಾಟಿದವರ ಆಟವಿದೆ, ನಿಮಗೆ ವಯಸ್ಸು ಸಾಲದಿದ್ದರೂ ಅಭ್ಯಾಸಕ್ಕೆ ಸೇರಿಸಿಕೊಳ್ಳುತ್ತಾರೆ. ಇಲ್ಲಿ ಕೃತಕ ಹುಲ್ಲು, ಊರಿನಿಂದ ತಂದ ಬೂಟು ಹೊಂದದಿರಬಹುದು. ಕಾಲಿನ ಅಳತೆ ಬರೆದು ಕಳುಹಿಸಿ, ನನ್ನ ಮಗನದೊಂದು ಜೊತೆ ಮನೆಯಲ್ಲಿದೆ. ಆಟ ಮುಗಿದ ಮೇಲೆ ನಮ್ಮಲ್ಲೇ ಊಟ.