ಸರ್ಪಸುತ್ತು ಒಣಗಿದ ಮೇಲೂ ಉರಿ: ಮಾತ್ರೆ ನಿಲ್ಲಿಸಬಹುದಾ?

ಅಮ್ಮನಿಗೆ ಸರ್ಪಸುತ್ತಿನ ಗುಳ್ಳೆ ಒಣಗಿ ನಾಲ್ಕು ತಿಂಗಳಾದರೂ ಬೆನ್ನಿನ ಉರಿ ಹೋಗಿಲ್ಲ, ಡಾಕ್ಟರ್ ಬರೆದ ಅಮಿಟ್ರಿಪ್ಟಿಲಿನ್ ಖಿನ್ನತೆಯ ಮಾತ್ರೆಯಂತೆ, ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಖಿನ್ನತೆಗೂ ಅದನ್ನು ಕೊಡುತ್ತಾರೆ, ನಿಜ. ಆದರೆ ನರದ ನೋವಿಗೆ ಪ್ರಮಾಣ ಕಡಿಮೆ. ಸಾಮಾನ್ಯವಾಗಿ ರಾತ್ರಿ 10 ಮಿಲಿಗ್ರಾಂನಿಂದ ಶುರು ಮಾಡುತ್ತಾರೆ. ಗುಣ ಕಾಣಲು ಕೆಲವು ವಾರ ಬೇಕು.

ಚರ್ಮ ಮಾಯ್ದಿದೆ, ನರ ಇನ್ನೂ ಮಾಯ್ದಿಲ್ಲ. ಎಂದೋ ಬಂದ ಚಿಕನ್‌ಪಾಕ್ಸ್ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ಮತ್ತೆ ಎದ್ದಾಗ ಆ ನರಕ್ಕೇ ಪೆಟ್ಟು ಕೊಡುತ್ತದೆ. ಅದಕ್ಕೇ ಪ್ಯಾರಸಿಟಮಾಲ್‌ನಿಂದ ಜಾಸ್ತಿ ಉಪಯೋಗ ಆಗುವುದಿಲ್ಲ. ನಮ್ಮ ಅತ್ತೆಗೆ ರವಿಕೆಯ ಹೊಲಿಗೆ ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಒಗೆದು ಒಗೆದು ಮೆತ್ತಗಾದ ಹಳೇ ಕಾಟನ್ ರವಿಕೆಯನ್ನು ಒಳಹೊರಗು ಮಾಡಿ ಹಾಕಿದೆವು, ಹೊಲಿಗೆ ಮೈಗೆ ತಾಗದ ಹಾಗೆ. ಫ್ಯಾನ್ ಗಾಳಿ ನೇರ ಬೀಳದ ಕಡೆ ಮಂಚ ಸರಿಸಿದೆವು. ಇಷ್ಟಕ್ಕೇ ಅವರಿಗೆ ಸ್ವಲ್ಪ ನಿದ್ದೆ ಬಂತು.

ವಯಸ್ಸಾದವರಿಗೆ ಈ ಮಾತ್ರೆಯಿಂದ ತಲೆಸುತ್ತು, ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಸರಿಯಾಗಿ ಹೋಗದಿರುವುದು ಆಗಬಹುದು. ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳದಂತೆ ನೋಡಿಕೊಳ್ಳಿ. ಹೃದಯದ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಒಗ್ಗದಿದ್ದರೆ ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್, ಲಿಡೋಕೇಯ್ನ್ ಪ್ಯಾಚ್ ಇವೆ. ಆ ಮೊದಲೆರಡನ್ನೂ ದಿಢೀರನೆ ಬಿಡಬಾರದು, ಡಾಕ್ಟರ್ ಹೇಳಿದಂತೆ ಇಳಿಸುತ್ತಾ ಬರಬೇಕು.

ನಿಮಗೆ 50 ದಾಟಿದ್ದರೆ ನಿಮ್ಮ ಮಟ್ಟಿಗೆ ಸರ್ಪಸುತ್ತಿನ ಲಸಿಕೆ ಬಗ್ಗೆಯೂ ವಿಚಾರಿಸಿ. ಎರಡು ಡೋಸ್, ಬೆಲೆ ಜಾಸ್ತಿಯೇ, ಆದರೆ ಅಮ್ಮನ ನೋವು ನೋಡಿದ್ದೀರಲ್ವಾ.