ಏರೋದು ಬೇರೆ, ತುದಿ ಬೇರೆ

ಪ್ರಶ್ನೆ: ಇಂಗ್ಲಿಷ್ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೆ. ಪ್ರತಿಭಟನೆಯ ಕೂಗು ‘ರೀಚ್ಡ್ ಎ ಕ್ರೆಸೆಂಡೋ’ ಅಂತಿತ್ತು. ‘ಕೂಗು ತಾರಕಕ್ಕೇರಿತು’ ಎಂದು ಬರೆದೆ. ಪಿಯಾನೋ ನುಡಿಸುವ ಗೆಳೆಯ ಅದನ್ನು ನೋಡಿ, ಕ್ರೆಸೆಂಡೋ ಅಂದರೆ ತುದಿ ಅಲ್ಲವೇ ಅಲ್ಲ ಎಂದು ಜಗಳಕ್ಕೇ ನಿಂತ. ನಿಘಂಟು ತೆಗೆದರೆ ಎರಡೂ ಅರ್ಥ ಕೊಟ್ಟಿದೆ. ಯಾರನ್ನು ನಂಬಲಿ ಮೇಡಂ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ನೀವು ಬರೆದದ್ದೂ ಸರಿ. ತಪ್ಪು ಅಂತ ಇದ್ದರೆ ಅದು ಆ ವರದಿ ಬರೆದವರದ್ದು. ಅದೂ ಅರ್ಧ ತಪ್ಪು. ಯಾಕೆ ಅರ್ಧ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಉಚ್ಚಾರ. ಅದು ‘ಕ್ರೆಶೆಂಡೋ’. ಇಟಾಲಿಯನ್‌ನಲ್ಲಿ ಎಸ್, ಸಿ ಒಟ್ಟಿಗೆ ಬಂದು ಮುಂದೆ ಇ ಇದ್ದರೆ ‘ಶ’ ಸದ್ದು ಬರುತ್ತದೆ. ಇನ್ನು ಅರ್ಥ. ಇಂಗ್ಲಿಷ್‌ನವರು ಅದನ್ನು ನಾಮಪದ ಮಾಡಿಕೊಂಡಿದ್ದಾರೆ, ಆದರೆ ಮೂಲದಲ್ಲಿ ಅದು ಕ್ರಿಯೆ. ‘ಬೆಳೆಯುತ್ತಾ’ ಅಂತ ಅರ್ಥ. ಸಂಗೀತದಲ್ಲಿ ಸದ್ದು ಮೆಲ್ಲಮೆಲ್ಲಗೆ ಜೋರಾಗುತ್ತಾ ಹೋಗುವುದು. ನಮ್ಮ ‘ಉತ್ತಾ’ ಏನು ಕೆಲಸ ಮಾಡುತ್ತದೋ ಅಲ್ಲಿನ ‘ಎಂಡೋ’ ಅದೇ ಕೆಲಸ ಮಾಡುತ್ತದೆ. ಬಿದಿಗೆ ಚಂದ್ರನಿಗೆ ಇಂಗ್ಲಿಷ್‌ನವರು ಇಟ್ಟ ‘ಕ್ರೆಸೆಂಟ್’ ಹೆಸರೂ ಅದೇ ಲ್ಯಾಟಿನ್ ಬೇರಿನದು. ಬೆಳೆಯುತ್ತಿರುವ ಚಂದ್ರ. ಪೂರ್ತಿ ಬೆಳೆದ ಮೇಲೆ ಅವನನ್ನು ಯಾರೂ ಕ್ರೆಸೆಂಟ್ ಅನ್ನುವುದಿಲ್ಲ ಅಲ್ವಾ?

ಇದು ನನ್ನ ತಲೆಗೆ ಹೋದದ್ದು ನಿಘಂಟಿನಿಂದಲ್ಲ, ಬೈಸಿಕೊಂಡು. ನಲವತ್ತು ದಾಟಿದ ಮೇಲೆ ಪಿಯಾನೋ ಕಲಿಯುವ ಹುಚ್ಚು ಹಿಡಿದಿತ್ತು. ಹುಚ್ಚು ಎರಡು ವರ್ಷ ಇತ್ತು, ವಿದ್ಯೆ ಅಷ್ಟು ದಿನ ಉಳಿಯಲಿಲ್ಲ. ಸ್ವರಲಿಪಿಯಲ್ಲಿ ಕ್ರೆಶೆಂಡೋಗೆ ಒಂದು ಗುರುತಿದೆ. ಒಂದು ಬಿಂದುವಿನಿಂದ ಹೊರಟ ಎರಡು ಗೆರೆ ಅಗಲವಾಗುತ್ತಾ ಹೋಗುತ್ತವೆ. ನೋಡಲು ಲೆಕ್ಕದ ‘ಕಡಿಮೆ’ ಚಿಹ್ನೆಯನ್ನು ಎಳೆದು ಉದ್ದ ಮಾಡಿದ ಹಾಗೆ. ಹೇರ್‌ಪಿನ್ ಅನ್ನುತ್ತಾರೆ. ಆ ಗುರುತು ಕಂಡಾಗಲೆಲ್ಲ ನಾನು ಅಲ್ಲಿಂದಲೇ ಧಡಧಡ ಬಾರಿಸುತ್ತಿದ್ದೆ. ಮೂರನೇ ಸಲ ಟೀಚರ್ ಪೆನ್ಸಿಲ್ ತಗೊಂಡು ಆ ಗೆರೆಗಳ ಚೂಪು ತುದಿಗೆ ಒಂದು ಸೊನ್ನೆ ಸುತ್ತಿದರು. “ಇಲ್ಲಿ ನೀವು ಮೆತ್ತಗಿರಬೇಕು. ಇಲ್ಲೇ ಕೂಗಿಬಿಟ್ಟರೆ ಆಮೇಲೆ ಬೆಳೆಯೋದು ಎಲ್ಲಿಗೆ?” ಅಂದರು. ಕ್ರೆಶೆಂಡೋ ಕಂಡರೆ ಮೊದಲು ದನಿ ಇಳಿಸು ಅನ್ನುವುದು ಆ ಸಂಗೀತದವರ ಹಳೆಯ ಪಾಠವಂತೆ. ಹೇರ್‌ಪಿನ್ ಮುಗಿದ ಜಾಗದಲ್ಲಿ ಅಗದಿ ಜೋರು ಬೇಕಿದ್ದರೆ ಅದಕ್ಕೆ ಬೇರೆಯೇ ಪದ ಇದೆ, ಫೋರ್ಟಿಸ್ಸಿಮೋ. ನಿಮ್ಮ ಗೆಳೆಯರ ತಕರಾರು ಇದೇ. ಬೆಟ್ಟ ಹತ್ತಿದವರು ‘ತುದಿ ಮುಟ್ಟಿದೆವು’ ಅನ್ನುತ್ತಾರೆ. ‘ಹತ್ತೋದನ್ನು ಮುಟ್ಟಿದೆವು’ ಅಂದರೆ ಹೇಗಿರುತ್ತದೆ? ‘ರೀಚ್ಡ್ ಎ ಕ್ರೆಶೆಂಡೋ’ ಅವರ ಕಿವಿಗೆ ಹಾಗೆ ಕೇಳುತ್ತದೆ.

ಕಿವಿಯಾರೆ ತಿಳಿಯಬೇಕು ಅಂದರೆ ಫ್ರಾನ್ಸಿನ ರವೆಲ್ 1928ರಲ್ಲಿ ರಚಿಸಿದ ‘ಬೊಲೆರೋ’ ಕೇಳಿ. ಸುಮಾರು ಹದಿನೈದು ನಿಮಿಷ, ಇಡೀ ಕೃತಿಯೇ ಒಂದು ಕ್ರೆಶೆಂಡೋ. ಶುರುವಿಗೆ ಒಂದು ಸಣ್ಣ ಡ್ರಮ್, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಆಮೇಲೆ ಒಂದು ಕೊಳಲು. ಅದೇ ತಾಳ, ಅವೇ ಎರಡು ರಾಗದ ಎಳೆಗಳು ಮತ್ತೆ ಮತ್ತೆ ಬರುತ್ತವೆ. ಪ್ರತಿ ಸುತ್ತಿಗೂ ವಾದ್ಯ ಬದಲಾಗುತ್ತದೆ, ಹೋಗುತ್ತಾ ಹೋಗುತ್ತಾ ವಾದ್ಯಗಳು ಸೇರಿಕೊಳ್ಳುತ್ತವೆ. ಮೊದಲ ಸಲ ಕೇಳುವಾಗ ನಾನು ಏನೂ ಕೇಳಿಸುತ್ತಿಲ್ಲ ಅಂತ ಸೌಂಡ್ ಜಾಸ್ತಿ ಮಾಡಿಕೊಂಡು ಬೇರೆ ಕೆಲಸಕ್ಕೆ ಕೂತೆ. ಹದಿನಾಲ್ಕನೇ ನಿಮಿಷಕ್ಕೆ ಹೆಡ್‌ಫೋನ್ ಕಿತ್ತು ಬಿಸಾಡಿದೆ. ಯಾವ ಗಳಿಗೆಯಲ್ಲಿ ಸದ್ದು ಜಾಸ್ತಿ ಆಯ್ತು ಅಂತ ಕೇಳಿದರೆ ಹೇಳಲು ಆಗುವುದಿಲ್ಲ. ಕ್ರೆಶೆಂಡೋ ಇರುವುದೇ ಹಾಗೆ.

ಮಾತಿನ ಇಂಗ್ಲಿಷ್‌ನಲ್ಲೂ ಪದ ಈ ಅರ್ಥದಲ್ಲಿ ಬಂದಾಗ ಚೆನ್ನಾಗಿ ಕೂರುತ್ತದೆ. ‘ಎ ಕ್ರೆಶೆಂಡೋ ಆಫ್ ಕ್ರಿಟಿಸಿಸಂ’ ಅಂದರೆ ದಿನದಿಂದ ದಿನಕ್ಕೆ ಏರುತ್ತಿರುವ ಟೀಕೆ. ಗಾರ್ಡಿಯನ್ ಪತ್ರಿಕೆಯ ಶೈಲಿ ಕೈಪಿಡಿ ತನ್ನ ವರದಿಗಾರರಿಗೆ ಹೇಳುವುದೂ ಇದನ್ನೇ: ಕ್ರೆಶೆಂಡೋ ಅಂದರೆ ತುದಿಯತ್ತ ಏರುವುದು, ತುದಿ ಅಲ್ಲ.

ಹಾಗಾದರೆ ಅರ್ಧ ತಪ್ಪು ಯಾಕೆ ಅಂದೆ? ತುದಿ ಅನ್ನುವ ಅರ್ಥ ನಿನ್ನೆ ಮೊನ್ನೆಯದಲ್ಲ. 1925ರಲ್ಲೇ ಅಮೆರಿಕದ ಫಿಟ್ಸ್‌ಜೆರಾಲ್ಡ್ ತಮ್ಮ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯಲ್ಲಿ ಕಾರುಗಳ ಹಾರ್ನ್ ಸದ್ದು ಕ್ರೆಶೆಂಡೋ ಮುಟ್ಟಿತು ಅಂತ ಬರೆದಿದ್ದಾರೆ. ಅಂಥವರ ಕೈಯಲ್ಲಿ ಬಂದದ್ದನ್ನು ಸುಮ್ನೆ ತಪ್ಪು ಅಂತ ಹೊಡೆದುಹಾಕುವುದು ಕಷ್ಟ. ನಿಘಂಟಿನವರು ಜನ ಆಡಿದ್ದನ್ನು ಬರೆದುಕೊಳ್ಳುವವರು, ಬರೆದುಕೊಂಡಿದ್ದಾರೆ.

ಇನ್ನೊಂದು ತಮಾಷೆ ನೋಡಿ. ಕ್ರೆಶೆಂಡೋ ಬೇಡ, ‘ಕ್ಲೈಮ್ಯಾಕ್ಸ್’ ಅನ್ನಿ ಅಂತ ಶಿಸ್ತಿನವರು ತಿದ್ದುತ್ತಾರೆ. ಕ್ಲೈಮ್ಯಾಕ್ಸ್ ಅಂದರೆ ಗ್ರೀಕ್‌ನಲ್ಲಿ ಏಣಿ! ಮಾತನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಅಲಂಕಾರಕ್ಕೆ ಇಂಗ್ಲಿಷ್‌ನಲ್ಲಿ ಮೊದಲು ಆ ಹೆಸರಿತ್ತು. 18ನೇ ಶತಮಾನದ ಕೊನೆಯ ಹೊತ್ತಿಗೆ ಏಣಿಯ ಹೆಸರು ಅದರ ತುದಿ ಮೆಟ್ಟಿಲಿಗೇ ಅಂಟಿಕೊಂಡಿತು. ಈಗ ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ. ಕ್ರೆಶೆಂಡೋ ಹಿಡಿದಿರುವುದೂ ಅದೇ ದಾರಿ.

ನೀವು ಬಳಸಿದ ‘ತಾರಕ’ವನ್ನೇ ತಗೊಳ್ಳಿ. ಅದೂ ಸಂಗೀತದಿಂದಲೇ ಬಂದದ್ದು. ಮಂದ್ರ, ಮಧ್ಯ, ತಾರ ಎಂದು ಮೂರು ಸ್ಥಾಯಿ. ಅಲ್ಲಿ ತಾರ ಅಂದರೆ ಸ್ವರದ ಎತ್ತರ, ಸದ್ದಿನ ಜೋರಲ್ಲ. ತಾರ ಸ್ಥಾಯಿಯ ಷಡ್ಜವನ್ನು ಪಿಸುಮಾತಿನಷ್ಟು ಮೆಲ್ಲಗೂ ಹಾಡಬಹುದು. ಆದರೂ ಗಲಾಟೆ ತಾರಕಕ್ಕೇರಿತು ಅಂತ ಬರೆದರೆ ‘ಯಾವ ಶ್ರುತಿಯಲ್ಲಿ?’ ಎಂದು ಯಾವ ಗಾಯಕರೂ ಪತ್ರ ಬರೆಯುವುದಿಲ್ಲ. ನಿಮ್ಮ ವಾಕ್ಯ ಹಾಗೇ ಇರಲಿ. ಮುಟ್ಟಬೇಡಿ.

ಎಚ್ಚರ ಬೇಕಾದದ್ದು ಬೇರೆ ಕಡೆ. ಅನುವಾದಕ್ಕೆ ಇಳಿದ ಹೊಸದರಲ್ಲಿ, ಮಳೆ ಒಂದು ‘ಸ್ಲೋ ಕ್ರೆಶೆಂಡೋ’ ಶುರುಮಾಡಿತು ಎಂಬ ವಾಕ್ಯ ಬಂತು. ನಾನು ಕ್ರೆಶೆಂಡೋ ಅಂದರೆ ಪರಾಕಾಷ್ಠೆ ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ‘ಮಳೆ ನಿಧಾನವಾಗಿ ಪರಾಕಾಷ್ಠೆ ಶುರುಮಾಡಿತು’ ಎಂದು ಬರೆದು ಕಳಿಸಿದೆ. ಕರಡು ತಿದ್ದುವವರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ದೊಡ್ಡದು. ‘ಮಳೆ ಮೆಲ್ಲಗೆ ಜೋರಾಗುತ್ತಾ ಬಂತು’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹಿಂದೆ ‘ರೀಚ್ಡ್’ ಇದ್ದರೆ ತಾರಕ, ಇಲ್ಲದಿದ್ದರೆ ‘ಏರುತ್ತಾ ಹೋಯಿತು’. ನಾನು ಈಗ ಹೀಗೆ ನೋಡಿಕೊಳ್ಳುತ್ತೇನೆ. ನಾನೇ ಇಂಗ್ಲಿಷ್‌ನಲ್ಲಿ ಬರೆಯುವಾಗ ಮಾತ್ರ ‘ರೀಚ್ಡ್’ ಜೊತೆ ಹಾಕುವುದಿಲ್ಲ. ಟೀಚರ್ ಪೆನ್ಸಿಲ್ ನೆನಪಾಗುತ್ತದೆ.

ಪ್ರಶ್ನೆ: ‘ಕುಕಿಂಗ್ ಈಸ್ ನಾಟ್ ಮೈ ಫೋರ್ಟೆ’ ಅನ್ನುತ್ತಾರಲ್ಲ, ಅದೂ ಸಂಗೀತದ ಫೋರ್ಟೆ ತಾನೇ? ಜೋರಾಗಿ ನುಡಿಸು ಅನ್ನುವುದಕ್ಕೂ ಅಡುಗೆಗೂ ಏನು ನಂಟು?

ಉತ್ತರ: ನಂಟೇ ಇಲ್ಲ. ಇದು ಫ್ರೆಂಚ್‌ನಿಂದ ಬಂದದ್ದು, ಕತ್ತಿವರಸೆಯವರ ಪದವೂ ಹೌದು. ಕತ್ತಿಯ ಅಲಗಿನಲ್ಲಿ ಹಿಡಿಯ ಕಡೆಯ ಗಟ್ಟಿ ಭಾಗ ಅದು. ತುದಿಯ ಕಡೆಯ ಬಳುಕುವ ಭಾಗಕ್ಕೆ ‘ಫಾಯ್ಬಲ್’ ಅನ್ನುತ್ತಾರೆ. ಒಬ್ಬರ ಬಲಕ್ಕೆ ಮೊದಲನೆಯದು, ಸಣ್ಣಪುಟ್ಟ ದೌರ್ಬಲ್ಯಕ್ಕೆ ಎರಡನೆಯದು ಇಂಗ್ಲಿಷ್‌ನಲ್ಲಿ ಉಳಿದಿವೆ. ಹಿಂದೆ ‘ಫೋರ್ಟ್’ ಅನ್ನುತ್ತಿದ್ದರು. ಇಟಾಲಿಯನ್ ಫೋರ್ಟೆಯ ಗಾಳಿ ಬೀಸಿ ಈಗ ಹೆಚ್ಚಿನವರು ‘ಫೋರ್ಟೇ’ ಅನ್ನುತ್ತಾರೆ. ಎರಡರ ಹಿಂದೆಯೂ ‘ಬಲವಾದ’ ಎನ್ನುವ ಒಂದೇ ಲ್ಯಾಟಿನ್ ಪದ ಇರುವುದರಿಂದ ಗೊಂದಲ ಆಗಿದ್ದು ನಿಮಗೊಬ್ಬರಿಗೇ ಅಲ್ಲ.

ಪ್ರಶ್ನೆ: ‘ಲೆಟ್ಸ್ ಪ್ಲೇ ಇಟ್ ಬೈ ಇಯರ್’ ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಉತ್ತರ: ಸ್ವರಲಿಪಿ ಮುಂದಿಡದೆ, ಕಿವಿಯನ್ನೇ ನಂಬಿ ನುಡಿಸುವುದು ಅಂತ ಮೂಲ ಅರ್ಥ. ಕನ್ನಡದಲ್ಲಿ ಕಿವಿಯನ್ನು ಎಳೆದು ತರಬೇಡಿ. ‘ಆಗಿನದು ಆಗ ನೋಡಿಕೊಂಡರಾಯ್ತು’ ಅನ್ನಿ.